ಗ್ರೀಸ್ ಸ್ಟಾಕ್ ಎಂಬ ಫೋಲ್ಡರ್

ಲಿಫ್ಟ್ ಮೆಕ್ಯಾನಿಕ್ಕಾಗಿ ಮೂವತ್ತೊಂದು ವರ್ಷ ದುಡಿದ ಆ ಮನುಷ್ಯನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಆತ ‘ಎರಡ್ನಿಮಿಷ’. ಈ ಬಿರುದು ಸುಮ್ಮನೆ ಬಂದದ್ದಲ್ಲ. ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತು, ಒಳಗಿದ್ದವರು ಬಾಗಿಲು ಬಡಿಯುತ್ತಿರುವಾಗ ಈತ ಹೊರಗಿನಿಂದ ಕೂಗುತ್ತಿದ್ದದ್ದು ಒಂದೇ ಮಾತು: “ಎರಡೇ ನಿಮಿಷ, ಬಂದ್ಬಿಟ್ಟೆ.” ಮೋಟಾರು ಸುಟ್ಟಿರಲಿ, ಹಗ್ಗ ಜಾರಿರಲಿ, ಬಿಡಿಭಾಗ ಬೇರೆ ಊರಿನಿಂದ ಬರಬೇಕಿರಲಿ, ಎರಡೇ ನಿಮಿಷ. ಒಮ್ಮೆ ಒಬ್ಬ ವಕೀಲರು ಮೂರು ಗಂಟೆ ಹತ್ತು ನಿಮಿಷ ಒಳಗೆ ಬೆವರಿ ಹೊರಬಂದವರು, ಬೈಯುವುದು ಬಿಟ್ಟು ಆತನ ಕೈ ಹಿಡಿದುಕೊಂಡು, “ನೀವು ನಿಜ ಹೇಳಿದ್ದಿದ್ರೆ ನಾನು ಅಲ್ಲೇ ಸತ್ತೋಗ್ತಿದ್ದೆ ಕಣ್ರೀ” ಎಂದರು. ಆ ಮಾತು ಆತನ ತಲೆಗೇರಿಬಿಟ್ಟಿತು. ಅಲ್ಲಿಂದಾಚೆಗೆ ಸುಳ್ಳು ಆತನಿಗೆ ಸುಳ್ಳಾಗಿ ಕಾಣಿಸಲಿಲ್ಲ. ಹಗ್ಗಕ್ಕೆ ಗ್ರೀಸು ಹಚ್ಚುವುದು ಹೇಗೋ ಹಾಗೆ ಅದೂ ಕೆಲಸದ ಒಂದು ಭಾಗವಾಯಿತು.

ಕೆಲಸದಲ್ಲಾದರೆ ಸರಿ. ಆದರೆ ಈ ಅಭ್ಯಾಸವನ್ನು ಆತ ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಒಳಗೆ ಬರಲಿಲ್ಲ. ಮನೆಗೆ ಬರುವ ಕೆಟ್ಟ ಸುದ್ದಿಯೆಲ್ಲ ಮೊದಲು ಆತನ ಕೈಗೇ ಬರಬೇಕು, ಆತನ ಕೈಯಲ್ಲೇ ಸೋಸಿ ಮುಂದಕ್ಕೆ ಹೋಗಬೇಕು. ಹೆಂಡತಿಯ ಅಣ್ಣನಿಗೆ ಹೃದಯಾಘಾತವಾದಾಗ ‘ಗ್ಯಾಸು’ ಎಂದ. ಮಗಳು ಪರೀಕ್ಷೆಯಲ್ಲಿ ಫೇಲಾದಾಗ ಕಾಲೇಜಿನಿಂದ ಬಂದ ಕಾಗದವನ್ನು ಒಂದು ವಾರ ಟೂಲ್ ಬಾಕ್ಸಿನಲ್ಲಿ ಇಟ್ಟುಕೊಂಡ. ಯಾರಿಗೂ ಕೆಡುಕು ಬಯಸಿದವನಲ್ಲ. ಎದುರಿಗಿದ್ದವರ ಮುಖ ಕಪ್ಪಿಡುವುದನ್ನು ನೋಡುವ ಧೈರ್ಯ ಇರಲಿಲ್ಲ, ಅಷ್ಟೇ. ಆ ಅಳುಕನ್ನು ಆತ ಒಳ್ಳೆಯತನವೆಂದು ತಿಳಿದುಕೊಂಡಿದ್ದ, ಉಳಿದವರೂ ಹಾಗೇ ತಿಳಿದರು.

ಹೆಂಡತಿಯನ್ನು ಜನ ಬೋರ್ಡಮ್ಮ ಎನ್ನುತ್ತಿದ್ದರು. ಅಪಾರ್ಟ್‌ಮೆಂಟುಗಳ ಬಾಗಿಲಿಗೆ ಹಾಕುವ ಹೆಸರಿನ ಫಲಕಗಳನ್ನು ಆಕೆ ಕುಂಚದಲ್ಲಿ ಬರೆಯುತ್ತಿದ್ದಳು. ಗಂಡ ಲಿಫ್ಟ್ ರಿಪೇರಿ ಮಾಡಿದ ಕಟ್ಟಡಗಳಲ್ಲಿ ಅರ್ಧಕ್ಕರ್ಧ ಬಾಗಿಲುಗಳ ಮೇಲೆ ಆಕೆಯ ಅಕ್ಷರ. ಮೆಷಿನ್ನಿನಲ್ಲಿ ಕೊರೆಸುವ ಕಾಲ ಬಂದರೂ ಆಕೆಯ ಕೈಬರಹಕ್ಕೆ ಗಿರಾಕಿ ತಪ್ಪಲಿಲ್ಲ. ಬರೆಯುವಾಗ ಕೈ ಎಷ್ಟು ಓಡುತ್ತಿತ್ತೋ ಬಾಯಿ ಅದರ ಎರಡರಷ್ಟು. ಯಾವ ಮನೆಯವರು ಹೇಗೆ ಮಾತಾಡುತ್ತಾರೆಂದು ಅವರ ಧಾಟಿಯಲ್ಲೇ ಆಡಿ ತೋರಿಸುತ್ತಿದ್ದಳು. ಮಗಳು ಕಾಲೇಜಿನಲ್ಲಿದ್ದಾಗ ಅದನ್ನೆಲ್ಲ ಕದ್ದು ವೀಡಿಯೊ ಮಾಡಿ, ಮನೆಯ ಕಂಪ್ಯೂಟರಿನಲ್ಲಿ ತುಂಬಿಟ್ಟಿದ್ದಳು.

ಆರು ವರ್ಷದ ಹಿಂದೆ ಒಬ್ಬ ದಂತವೈದ್ಯರ ಬಾಗಿಲ ಮೇಲೆ ಬೋರ್ಡು ನೇರ ಮಾಡಲು ಹೋಗಿ ಬೋರ್ಡಮ್ಮ ಸ್ಟೂಲಿನಿಂದ ಬಿದ್ದಳು. ತಲೆಗೆ ಪೆಟ್ಟು. ಹತ್ತಿರದ ಸ್ಕ್ಯಾನಿಂಗ್ ಸೆಂಟರಿಗೆ ಓಡಿದ್ದಾಯಿತು. ಚಿತ್ರ ತೆಗೆದ ಮೇಲೆ ಅಲ್ಲಿನ ಡಾಕ್ಟರು ಎರಡ್ನಿಮಿಷನೊಬ್ಬನನ್ನೇ ಒಳಗೆ ಕರೆದರು. “ಪೆಟ್ಟಿನಿಂದ ಏನೂ ಆಗಿಲ್ಲ. ಆದ್ರೆ ಎಡಗಡೆ ಒಂದು ಸಣ್ಣ ಚುಕ್ಕೆ ಇದೆ. ಹುಟ್ಟಿದಾಗಿಂದ ಇದ್ದದ್ದೂ ಇರಬಹುದು. ಹೆದರ್ಬೇಡಿ, ಆದ್ರೆ ಮರೀಬೇಡಿ. ಒಂದು ವರ್ಷ ಬಿಟ್ಟು ಇನ್ನೊಂದು ಸಲ ತೆಗೆಸಿ, ಬೆಳೆದಿದೆಯಾ ನೋಡೋಣ.”

ಆತ ಹೊರಗೆ ಬಂದ. ಬೆಂಚಿನ ಮೇಲೆ ತಲೆಗೆ ಐಸು ಒತ್ತಿಕೊಂಡು ಕೂತ ಹೆಂಡತಿ ಮುಖವೆತ್ತಿ ನೋಡಿದಳು.

“ಏನೂ ಇಲ್ವಂತೆ,” ಎಂದ. “ತಲೆ ಗಟ್ಟಿ ಇದೆಯಂತೆ.”

“ಅದನ್ನ ಹೇಳೋಕೆ ಅಷ್ಟು ದೊಡ್ಡ ಮೆಷಿನ್ನು ಬೇಕಿತ್ತಾ? ನಮ್ಮಮ್ಮನ್ನ ಕೇಳಿದ್ರೆ ಸಾಕಿತ್ತು.”

ಮರುದಿನ ಆಕೆ ಬಣ್ಣ ತರಲು ಹೋದಾಗ ಆತ ಸ್ಕ್ಯಾನಿನ ಸಿಡಿಯನ್ನು ಮನೆಯ ಕಂಪ್ಯೂಟರಿಗೆ ಹಾಕಿ, ಚಿತ್ರಗಳನ್ನೆಲ್ಲ ಒಂದು ಫೋಲ್ಡರಿಗೆ ಇಳಿಸಿ, ಅದಕ್ಕೆ ‘ಗ್ರೀಸ್ ಸ್ಟಾಕ್’ ಎಂದು ಹೆಸರಿಟ್ಟ. ಗ್ರೀಸಿನ ದಾಸ್ತಾನು ನೋಡುವ ಉಮೇದು ಆ ಮನೆಯಲ್ಲಿ ಯಾರಿಗಿದ್ದೀತು? ಆಮೇಲೆ ಸಿಡಿಯನ್ನೂ ವರದಿಯ ಕಾಗದವನ್ನೂ ತಗಡು ಕತ್ತರಿಸುವ ಕತ್ತರಿಯಲ್ಲಿ ಚೂರು ಚೂರು ಮಾಡಿದ. ಪೂರಾ ಅಳಿಸಿಹಾಕಲು ಮಾತ್ರ ಮನಸ್ಸು ಬರಲಿಲ್ಲ. ಬಿಚ್ಚಿದ ಯಾವ ಭಾಗವನ್ನೂ ಗುರುತಿಲ್ಲದೆ ಎಸೆದವನಲ್ಲ ಆತ.

ಒಂದು ವರ್ಷ ತುಂಬಿದ ದಿನ ಆತನಿಗೆ ನೆನಪಿತ್ತು. ಆದರೆ ಮತ್ತೆ ತೆಗೆಸಬೇಕೆಂದರೆ ಮೊದಲಿನದನ್ನು ಹೇಳಬೇಕು. ಆಕೆಗೆ ಹದಿನೆಂಟು ಬಾಗಿಲುಗಳ ಆರ್ಡರಿತ್ತು, ಅದು ಮುಗಿಯಲಿ ಎಂದ. ಆಮೇಲೆ ಮಗಳ ಮದುವೆ, ಅದಾಗಲಿ ಎಂದ. ಹೀಗೆ ಹೇಳುತ್ತಾ ಹೇಳುತ್ತಾ ಆರು ವರ್ಷವನ್ನು ನುಂಗಿದ. ಹೆಂಡತಿ ತಲೆನೋವೆಂದ ದಿನವೆಲ್ಲ ಆತನಿಗೆ ಊಟ ಸೇರುತ್ತಿರಲಿಲ್ಲ. ಏನಾಯಿತೆಂದು ಅವಳು ಕೇಳಿದರೆ ತನಗೂ ತಲೆನೋವು ಎನ್ನುತ್ತಿದ್ದ.

ಕಳೆದ ಶನಿವಾರ ಬೋರ್ಡಮ್ಮ ಒಂದು ಫಲಕ ಬರೆಯುತ್ತಿದ್ದಾಗ ಬಲಗೈ ತನ್ನಷ್ಟಕ್ಕೆ ತಾನೇ ಜಿಗಿಯಿತು. ಕುಂಚ ಫಲಕದ ಉದ್ದಕ್ಕೂ ಗೀರಿಕೊಂಡು ಹೋಯಿತು. ಒಂದು ನಿಮಿಷ ಆಕೆಗೆ ಮಾತು ಹೊರಡಲಿಲ್ಲ. ಆ ಮನೆಯಲ್ಲಿ ಅಷ್ಟು ಹೊತ್ತು ಮೌನ ಹಿಂದೆಂದೂ ಇದ್ದಿರಲಿಲ್ಲ.

ಸೋಮವಾರ ಹೊಸ ಸ್ಕ್ಯಾನು ಹಿಡಿದು ದೊಡ್ಡಾಸ್ಪತ್ರೆಯ ಮೆದುಳಿನ ಸರ್ಜನ್ನರ ಮುಂದೆ ಮೂವರೂ ಕೂತರು: ಗಂಡ, ಹೆಂಡತಿ, ಮಗಳು. ಸರ್ಜನ್ನರು ಸಣಕಲು ಆಳು, ಮಾತಿಗೆ ಮೊದಲು ಕಾಗದದ ಮೇಲೆ ಚಿತ್ರ ಬಿಡಿಸಿ ತೋರಿಸುವವರು.

“ಎಡಗಡೆ ಒಂದು ಗಂಟಿದೆ. ಹನ್ನೆರಡು ಮಿಲಿಮೀಟರ್. ಹಿಂದೆ ಯಾವಾಗ್ಲಾದ್ರೂ ತಲೆ ಸ್ಕ್ಯಾನ್ ಆಗಿತ್ತಾ?”

“ಆರು ವರ್ಷದ ಕೆಳಗೆ ಆಗಿತ್ತು,” ಎಂದಳು ಬೋರ್ಡಮ್ಮ. “ಬಿದ್ದಿದ್ದೆ. ಆಗ ಏನೂ ಇರ್ಲಿಲ್ಲ. ಇವ್ರೇ ಒಳಗೆ ಹೋಗಿ ಕೇಳ್ಕೊಂಡು ಬಂದ್ರು.”

ಸರ್ಜನ್ನರು ಎರಡ್ನಿಮಿಷನ ಕಡೆ ತಿರುಗಿದರು. “ಏನೂ ಇರ್ಲಿಲ್ವಾ?”

ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಯಾರಿಗೆ ಸಿಕ್ಕೀತು? ಕೇಳುವವರು ಕೇಳುತ್ತಿದ್ದರು, ಹೆಂಡತಿ ಪಕ್ಕದಲ್ಲೇ ಇದ್ದಳು. ಆತ ತಲೆಯಾಡಿಸಿದ. ಇರಲಿಲ್ಲ ಎಂಬಂತೆ.

“ಆಗ ಇಲ್ಲ, ಈಗ ಹನ್ನೆರಡು. ಅಂದ್ರೆ ಇದು ಬೆಳೀತಿದೆ,” ಎಂದರು ಸರ್ಜನ್ನರು. “ಕಾಯೋದು ಬೇಡ. ಬುಧವಾರ ಸಂಜೆ ಐದಕ್ಕೆ ಅಡ್ಮಿಟ್ ಆಗಿ. ಗುರುವಾರ ಬೆಳಿಗ್ಗೆ ತೆಗೆದುಬಿಡೋಣ. ಒಂದು ಮಾತು ಮುಚ್ಚಿಡಲ್ಲ. ಅದು ಕೂತಿರೋ ಜಾಗ ಬಲಗೈಗೂ ಮಾತಿಗೂ ಪಕ್ಕದ್ದು. ತೆಗೆಯುವಾಗ ಎರಡರಲ್ಲಿ ಒಂದಕ್ಕೆ ಪೆಟ್ಟು ಬೀಳಬಹುದು. ಆಗಲೂ ಇಷ್ಟೇ ಇದ್ದಿದ್ರೆ ನಾನು ಕೈ ಹಾಕ್ತಾನೇ ಇರ್ಲಿಲ್ಲ. ಮಾತ್ರೆ ಕೊಟ್ಟು ಸುಮ್ಮನಿರ್ತಿದ್ದೆ.”

ಕಡೆಯ ಎರಡು ವಾಕ್ಯ ಅವರು ಸುಮ್ಮನೆ ಮಾತಿಗೆ ಹೇಳಿದ್ದು. ಎರಡ್ನಿಮಿಷನಿಗೆ ಕುರ್ಚಿಯಿಂದ ಏಳಲಾಗಲಿಲ್ಲ. ಮಗಳು ತೋಳು ಹಿಡಿದು ಎಬ್ಬಿಸಿದಳು. ಅಪ್ಪನಿಗೆ ಅಮ್ಮನ ಮೇಲೆ ಎಷ್ಟು ಪ್ರೀತಿ ಎಂದುಕೊಂಡಳು.

ಹಳೆಯ ಚಿತ್ರ ಸಿಕ್ಕಿದ ಮೇಲೆ ಹೇಳುತ್ತೇನೆ, ಚಿತ್ರವಿಲ್ಲದೆ ಹೇಳಿ ಏನು ಪ್ರಯೋಜನ ಎಂದು ಆತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಮಂಗಳವಾರ ಬೆಳಿಗ್ಗೆ ಸ್ಕ್ಯಾನಿಂಗ್ ಸೆಂಟರ್ ಇದ್ದ ಬೀದಿಗೆ ಹೋದರೆ ಅಲ್ಲಿ ಹಾಸಿಗೆ ಅಂಗಡಿ. ಸೆಂಟರು ಮುಚ್ಚಿ ನಾಲ್ಕು ವರ್ಷವಾಯಿತು, ಅವರೆಲ್ಲಿ ಹೋದರೋ ಗೊತ್ತಿಲ್ಲ ಎಂದ ಅಂಗಡಿಯವನು, ಮಲಗಿ ನೋಡಿ ಎಂದು ಒಂದು ಹಾಸಿಗೆಯನ್ನೂ ತೋರಿಸಿದ.

ಆತ ಮನೆಗೆ ಬಂದು ಅಟ್ಟದಿಂದ ಹಳೇ ಕಂಪ್ಯೂಟರ್ ಇಳಿಸಿದ. ಅದು ಚಾಲೂ ಆಗಲಿಲ್ಲ. ಒಳಗಿನ ಹಾರ್ಡ್ ಡಿಸ್ಕು ಟಕ್, ಟಕ್ ಎಂದು ನಿಂತು, ಮತ್ತೆ ಟಕ್, ಟಕ್ ಎನ್ನುತ್ತಿತ್ತು. ಬ್ರೇಕು ಬಿಡದ ಲಿಫ್ಟಿನ ಸದ್ದೇ. ಈ ಜಾಗದಲ್ಲಿ ನೀವೋ ನಾನೋ ಆಗಿದ್ದರೆ ಅದನ್ನು ಬಟ್ಟೆಯಲ್ಲಿ ಸುತ್ತಿ ಯಾರಾದರೂ ಬಲ್ಲವರ ಬಳಿಗೆ ಒಯ್ಯುತ್ತಿದ್ದೆವು. ಆತ ಮೂವತ್ತೊಂದು ವರ್ಷ ಯಂತ್ರ ಬಿಚ್ಚಿದವನು. ಸದ್ದು ಮಾಡುವ ಯಂತ್ರವನ್ನು ಮುಚ್ಚಿಟ್ಟುಕೊಂಡು ಕೂರುವುದು ಆತನ ಕೈಗೆ ಗೊತ್ತಿರಲಿಲ್ಲ. ನಕ್ಷತ್ರದ ತಲೆಯ ಆರು ಸ್ಕ್ರೂ, ಸ್ಟಿಕ್ಕರಿನ ಅಡಿಯಲ್ಲಿ ಬಚ್ಚಿಟ್ಟ ಏಳನೆಯದು, ಎಲ್ಲವನ್ನೂ ಬಿಚ್ಚಿದ. ಮುಚ್ಚಳ ತೆಗೆದರೆ ಒಳಗೆ ಕನ್ನಡಿಯಂಥ ತಟ್ಟೆ, ಅದರಲ್ಲಿ ತನ್ನದೇ ಬೆವೆತ ಮುಖ. ಅಂಚಿನಲ್ಲಿ ಒಂದು ಧೂಳಿನ ಕಣ ಕಂಡಿತು. ಉಫ್ ಎಂದು ಊದಿದ. ತಟ್ಟೆ ಮಂಜಾಯಿತು. ಹಳದಿ ಬಟ್ಟೆಯಲ್ಲಿ ಒರೆಸಿದ.

ಮತ್ತೆ ಮುಚ್ಚಿ ಕರೆಂಟು ಕೊಟ್ಟಾಗ ಟಕ್ ಟಕ್ ಜೊತೆಗೆ ಒಂದು ಕೆರೆತದ ಸದ್ದೂ ಸೇರಿತ್ತು. ಥಟ್ಟನೆ ವೈರು ಕಿತ್ತ.

ಹೆಂಡತಿಗೆ ಕೇಳಿಸಿತೇನೋ ಎಂದು ಬಾಗಿಲಿಗೆ ಬಂದು ಇಣುಕಿದ. ಆಕೆ ಪಕ್ಕದ ಕೋಣೆಯಲ್ಲಿ ಮಣೆಯ ಮೇಲೆ ಕಾಗದ ಹರಡಿಕೊಂಡು ಎಡಗೈಯಲ್ಲಿ ಕುಂಚ ಹಿಡಿದು ಬರೆಯುತ್ತಿದ್ದಳು. ಅಕ್ಷರಗಳು ಸೊಟ್ಟಗೆ, ಒಂದರ ಮೇಲೊಂದು ಬಿದ್ದಿದ್ದವು. ನಾಲಗೆ ಕಚ್ಚಿಕೊಂಡು ಮತ್ತೆ ಮೊದಲಿನಿಂದ ತಿದ್ದುತ್ತಿದ್ದಳು. ಗಂಡ ನಿಂತಿರುವುದನ್ನು ನೋಡಿ, “ಪರವಾಗಿಲ್ಲ ಅಲ್ವಾ? ಡಾಕ್ಟ್ರ ಕೈಬರಹಕ್ಕಿಂತ ವಾಸಿ,” ಎಂದು ನಕ್ಕಳು. ನಗು ಕಣ್ಣಿಗೆ ಮುಟ್ಟಲಿಲ್ಲ. “ಅಲ್ಲೇನು ಕೊರಕೊರ ಸದ್ದು?”

“ಹಳೇ ಫೋಟೋ ಇದ್ವಲ್ಲ, ಹುಡುಕ್ತಿದ್ದೆ,” ಎಂದ ಆತ.

ಆ ಸುಳ್ಳು ಮಗಳ ಕಿವಿಗೂ ಬಿತ್ತು. ಆಕೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಅಮ್ಮನ ಆಸ್ಪತ್ರೆಗೆಂದು ನಾಲ್ಕು ದಿನ ರಜೆ ಹಾಕಿ ಬಂದಿದ್ದಳು. ಅವಳ ಮುಖ ಒಮ್ಮೆಲೇ ಬೆಳಗಿತು. “ಅಪ್ಪ, ಅಮ್ಮನ ವೀಡಿಯೊಗಳು ಅದರಲ್ಲೇ ಇವೆ. ಅವಳ ಮಾತೆಲ್ಲ ಅದರಲ್ಲಿದೆ.” ಆಮೇಲೆ ದನಿ ತಗ್ಗಿಸಿ, “ಗುರುವಾರದ ಮೇಲೆ ಹೇಗೋ ಏನೋ,” ಎಂದಳು. ಅರ್ಧ ಗಂಟೆಯಲ್ಲಿ, ಕೆಟ್ಟ ಡಿಸ್ಕಿನಿಂದ ಫೈಲು ತೆಗೆದುಕೊಡುವವರ ವಿಳಾಸ ಹುಡುಕಿಯೂ ಬಿಟ್ಟಳು. ಒಬ್ಬನೇ ಹೋಗಿಬರುತ್ತೇನೆ ಎಂದು ಆತ ಎಷ್ಟು ಹೇಳಿದರೂ ಕೇಳಲಿಲ್ಲ.

ಬುಧವಾರ ಹತ್ತೂವರೆಗೆ ಅಪ್ಪ ಮಗಳು ಆ ಅಂಗಡಿಯಲ್ಲಿದ್ದರು. ಔಷಧಿ ಅಂಗಡಿಯ ಮೇಲಿನ ಮಹಡಿ, ಗಾಜಿನ ಗೋಡೆಯ ಆಚೆ ಒಂದು ಸಣ್ಣ ಕೋಣೆ. ಒಳಗೆ ಟೋಪಿ, ಕೈಗವಸು ಹಾಕಿಕೊಂಡ ನಡುವಯಸ್ಸಿನ ಹೆಂಗಸು. ಬಂದವರೆಲ್ಲ ಆಕೆಯನ್ನು ಡಿಸ್ಕಕ್ಕ ಎಂದೇ ಕರೆಯುತ್ತಿದ್ದರು. ಆಕೆ ಡಿಸ್ಕನ್ನು ಬೆಳಕಿಗೆ ಹಿಡಿದು ಒಂದು ನೋಟ್‌ಬುಕ್ ತೆರೆದಳು.

“ಯಾರು ಬಿಚ್ಚಿದ್ದು ಇದನ್ನ?”

“ಗೊತ್ತಿಲ್ಲ ಮೇಡಂ. ಹಳೇದು,” ಎಂದ ಎರಡ್ನಿಮಿಷ.

ಆಕೆ ‘ಗೊತ್ತಿಲ್ಲ’ ಎಂದು ಬರೆದುಕೊಂಡಳು. ಪೆನ್ನು ಕೆಳಗಿಡಲಿಲ್ಲ. “ಇಲ್ಲಿ ಎಲ್ಲರ ಮೊದಲನೇ ಉತ್ತರ ಬರ್ಕೋತೀನಿ. ಆಮೇಲೆ ಇನ್ನೊಂದು ಸಲ ಕೇಳ್ತೀನಿ. ಹತ್ತರಲ್ಲಿ ಎಂಟು ಜನರದ್ದು ಹೊಡೆದುಹಾಕಬೇಕಾಗುತ್ತೆ. ಬೇಜಾರಿಲ್ಲ, ಅಭ್ಯಾಸ ಆಗಿದೆ. ಈಗ ಹೇಳಿ. ಸ್ಕ್ರೂ ಇಷ್ಟು ನೀಟಾಗಿ ಹಾಕಿದಾರೆ ಅಂದ್ರೆ ಕೈ ಪಳಗಿದವರೇ. ತಟ್ಟೆ ಮುಟ್ಟಿದ್ರಾ? ಯಾವ ಕಡೆ ಮುಟ್ಟಿದ್ರು ಅಂತ ಗೊತ್ತಾಗದೆ ನಾನು ಕರೆಂಟ್ ಕೊಟ್ರೆ, ಓದೋ ಮುಳ್ಳು ಅಲ್ಲೇ ಸಿಕ್ಕಿ ಎಲ್ಲಾ ಮುಗಿದುಹೋಗುತ್ತೆ.”

ಮಗಳು ಅಪ್ಪನ ಮುಖ ನೋಡಿದಳು.

“ನಾನೇ ಬಿಚ್ಚಿದ್ದು,” ಎಂದ. “ಮೇಲಿನ ಕಡೆ ಊದ್ದೆ. ಬಟ್ಟೇಲಿ ಒರೆಸ್ದೆ.”

ಡಿಸ್ಕಕ್ಕ ಬೈಯಲಿಲ್ಲ. ‘ಗೊತ್ತಿಲ್ಲ’ ಎಂಬುದನ್ನು ಹೊಡೆದು ಪಕ್ಕದಲ್ಲಿ ‘ಮೇಲಿನ ಕಡೆ’ ಎಂದು ಬರೆದಳು. ಆಕೆಯ ವಿವರಣೆ ಚಿಕ್ಕದು. ಒಳಗೆ ಎರಡು ತಟ್ಟೆ, ನಾಲ್ಕು ಮುಖ. ಒರೆಸಿದ ಮುಖವನ್ನು ಮುಟ್ಟದೆ ಉಳಿದ ಮೂರನ್ನು ಓದಬಹುದು. ಆ ಒಂದು ಮುಖದಲ್ಲಿದ್ದದ್ದು ಹೋದ ಹಾಗೆಯೇ. ಉಳಿದದ್ದೂ ಡಿಸ್ಕು ಬದುಕಿರುವವರೆಗೆ ಮಾತ್ರ. ಅದು ಮೂರು ಗಂಟೆ ಬದುಕುತ್ತದೋ ಹತ್ತು ನಿಮಿಷವೋ ಹೇಳಲಾಗದು.

“ಅದಕ್ಕೇ ಎಲ್ಲಕ್ಕಿಂತ ಮೊದಲು ಯಾವುದು ಬೇಕೋ ಅದನ್ನ ಹೇಳ್ಬಿಡಿ. ಅದಾದ ಮೇಲೆ ಸಿಕ್ಕಿದ್ದು ಲಾಭ.”

“ಅಮ್ಮನ ವೀಡಿಯೊ,” ಎಂದಳು ಮಗಳು. ತಡಮಾಡದೆ, ಬೇರೆ ಉತ್ತರವೇ ಇಲ್ಲವೆಂಬಂತೆ.

ಡಿಸ್ಕಕ್ಕ ಎರಡ್ನಿಮಿಷನ ಕಡೆ ನೋಡಿದಳು. ಆತ ಗೋಡೆಯ ಗಡಿಯಾರ ನೋಡುತ್ತಿದ್ದ.

ಗಾಜಿನ ಕೋಣೆಯಲ್ಲಿ ಗಂಟೆಗೂ ಮಿಕ್ಕಿ ಕೈಕೆಲಸ ನಡೆಯಿತು. ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಡಿಸ್ಕು ತಿರುಗಿತು. ಟಕ್ ಟಕ್ ಇಲ್ಲ. ಪರದೆಯ ಮೇಲೆ ಫೋಲ್ಡರುಗಳ ಪಟ್ಟಿ ಸಾಲಾಗಿ ಮೂಡಿತು. ಕೆಳಗಿನಿಂದ ನಾಲ್ಕನೆಯದು ‘ಗ್ರೀಸ್ ಸ್ಟಾಕ್’. ಅದರ ಮೇಲಿನದು ಅಮ್ಮನ ವೀಡಿಯೊಗಳ ಫೋಲ್ಡರು. ಡಿಸ್ಕಕ್ಕ ಅದನ್ನು ಒತ್ತಿದಳು. ಓದಲು ಸಿಕ್ಕ ಭಾಗ ಹಸಿರು ಚೌಕ, ಸಿಗದ್ದು ಕೆಂಪು. ಮೊದಲ ವೀಡಿಯೊ ಮುಗಿಯಲು ಹದಿನಾರು ನಿಮಿಷ ಹಿಡಿಯಿತು. ಒಟ್ಟು ನಲವತ್ತು ವೀಡಿಯೊ.

ಲೆಕ್ಕ ಯಾರಿಗಾದರೂ ಗೊತ್ತಾಗುತ್ತಿತ್ತು. ಐದು ಗಂಟೆಯೊಳಗೆ ಹೆಂಡತಿ ಆಸ್ಪತ್ರೆಯ ಮಂಚದ ಮೇಲಿರುತ್ತಾಳೆ. ನಾಳೆ ಬೆಳಿಗ್ಗೆ ತಲೆ ತೆರೆಯುತ್ತಾರೆ. ತೆರೆಯದೇ ಇರಲು ಒಂದೇ ದಾರಿ, ಅದು ಆ ಪಟ್ಟಿಯಲ್ಲಿ ಕೆಳಗಿನಿಂದ ನಾಲ್ಕನೇ ಸಾಲಿನಲ್ಲಿದೆ. ಆತ ಇದು ಮುಗಿಯಲಿ, ಇನ್ನೊಂದು ಮುಗಿಯಲಿ ಎಂದು ಮೂರನೆಯದರ ತನಕ ಬಂದ. ಮಗಳು ಪರದೆಗೆ ಅಂಟಿಕೊಂಡು ಕೂತಿದ್ದಳು, ಒಂದೊಂದು ಹಸಿರು ಚೌಕ ಬಂದಾಗಲೂ ಸಣ್ಣಗೆ ಉಸಿರು ಬಿಡುತ್ತಿದ್ದಳು.

ಆಗ ಆತನಿಗೆ ಕೇಳಿಸಿತು. ಡಿಸ್ಕಕ್ಕ ಡಿಸ್ಕಿನ ಪಕ್ಕ ಒಂದು ಪುಟ್ಟ ಮೈಕ್ ಇಟ್ಟು ಅದರ ಸದ್ದನ್ನು ಸ್ಪೀಕರಿಗೆ ಬಿಟ್ಟಿದ್ದಳು. ಸಣ್ಣ ಗುಂಯ್‌ಗುಡುವಿಕೆಯ ಒಳಗೆ, ಕೂದಲೆಳೆಯಷ್ಟು, ಒಂದು ಒರಟು ಸದ್ದು. ಬೇರಿಂಗ್ ಹೋಗುವ ಮೊದಲು ಬರುವ ಒರಟು. ಆ ಕೋಣೆಯಲ್ಲಿ ಅದನ್ನು ಗುರುತಿಸಬಲ್ಲ ಕಿವಿ ಆತನದೊಂದೇ. ಇನ್ನೆಷ್ಟು ಹೊತ್ತು ಎಂಬುದೂ ಹೆಚ್ಚು ಕಡಿಮೆ ಗೊತ್ತಾಯಿತು.

“ನಿಲ್ಸಿ,” ಎಂದ.

ಇಬ್ಬರೂ ತಿರುಗಿದರು.

“ಅದನ್ನ ನಿಲ್ಸಿ ಮೇಡಂ. ಗ್ರೀಸ್ ಸ್ಟಾಕ್ ತೆಗೀರಿ. ಅದು ಮೊದಲು.”

“ಅಪ್ಪ, ನಿಂಗೇನಾದ್ರೂ ತಲೆ ಕೆಟ್ಟಿದೆಯಾ?” ಮಗಳು ಎದ್ದು ನಿಂತಳು. “ರಿಟೈರ್ ಆಗಿ ಎರಡು ವರ್ಷ ಆಯ್ತು. ಗ್ರೀಸ್ ಲೆಕ್ಕ ತಗೊಂಡು ಏನು ಮಾಡ್ತೀಯ?”

“ಅದು ಗ್ರೀಸ್ ಅಲ್ಲ. ಅಮ್ಮನ ತಲೆ ಸ್ಕ್ಯಾನು. ಆರು ವರ್ಷದ ಕೆಳಗಿಂದು.”

“ಅದರಲ್ಲಿ ಏನೂ ಇರ್ಲಿಲ್ವಲ್ಲ.”

“ಇತ್ತು.” ಮೇಜು ಹಿಡಿದುಕೊಂಡ. “ಚುಕ್ಕೆ ಆಗಲೇ ಇತ್ತು. ಒಂದು ವರ್ಷ ಬಿಟ್ಟು ಬನ್ನಿ ಅಂದಿದ್ರು. ನಾನು ಹೇಳ್ಲಿಲ್ಲ.”

ಮಗಳು ಅಳಲಿಲ್ಲ, ಕಿರುಚಲಿಲ್ಲ. ಅಪ್ಪನ ಮುಖವನ್ನು ಮೊದಲ ಸಲ ನೋಡುತ್ತಿರುವವಳಂತೆ ನೋಡಿದಳು. ಆಮೇಲೆ ಡಿಸ್ಕಕ್ಕನ ಕಡೆ ತಿರುಗಿ, “ವೀಡಿಯೊ ಬಿಡಿ ಅಕ್ಕ. ಇವರು ಹೇಳಿದ್ದು ತೆಗೀರಿ,” ಎಂದಳು. ಅಪ್ಪನನ್ನು ಆಕೆ ‘ಇವರು’ ಎಂದದ್ದು ಅದೇ ಮೊದಲು.

ಸ್ಕ್ಯಾನು ಎಂದರೆ ಒಂದೇ ಚಿತ್ರವಲ್ಲ, ತಲೆಯನ್ನು ಮೇಲಿನಿಂದ ಕೆಳಗೆ ಎಳೆ ಎಳೆಯಾಗಿ ತೆಗೆದ ನೂರ ಎಂಬತ್ನಾಲ್ಕು ಚಿತ್ರ. ಹಸಿರು, ಹಸಿರು, ಕೆಂಪು. ಹಸಿರು, ಕೆಂಪು, ಕೆಂಪು. ಪ್ರತಿ ಕೆಂಪಿಗೂ ಆತನಿಗೆ ತನ್ನ ಹಳದಿ ಬಟ್ಟೆ ಕಣ್ಣ ಮುಂದೆ ಬರುತ್ತಿತ್ತು. ಸ್ಪೀಕರಿನ ಒರಟು ಈಗ ಎಲ್ಲರಿಗೂ ಕೇಳಿಸುವಷ್ಟಾಯಿತು. ನೂರ ನಲವತ್ತೊಂದನೆಯ ಚಿತ್ರಕ್ಕೆ ಬಂದಾಗ ಕಿರ್ರ್ ಎಂದಿತು, ಗುಂಯ್‌ಗುಡುತ್ತಿದ್ದುದು ನಿಂತುಹೋಯಿತು. ಡಿಸ್ಕಕ್ಕ ಎರಡು ಸಲ ಪ್ರಯತ್ನಿಸಿ ಕೈಗವಸು ಕಳಚಿದಳು.

“ಅಷ್ಟೇ. ಇನ್ನು ಇದು ಏಳಲ್ಲ.”

ಕೈಗೆ ಸಿಕ್ಕದ್ದು ತೊಂಬತ್ತೆಂಟು ಚಿತ್ರ, ಎರಡೂವರೆ ವೀಡಿಯೊ. ಆ ತೊಂಬತ್ತೆಂಟರಲ್ಲಿ ಚುಕ್ಕೆಯ ಚಿತ್ರ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಡಿಸ್ಕಕ್ಕ ಒಂದೊಂದನ್ನೇ ತೆರೆಯುತ್ತಾ ಹೋದಳು. ಬಿಳಿ ಬುರುಡೆ, ಬೂದು ಮೆದುಳು, ಎಲ್ಲವೂ ಒಂದೇ ಥರ. ಮಿಲಿಮೀಟರಿನ ಹತ್ತರಲ್ಲೊಂದು ಭಾಗವನ್ನು ಗಾಜಿನಲ್ಲಿ ಉಜ್ಜಿ ಅಭ್ಯಾಸವಿದ್ದ ಮಗಳ ಕಣ್ಣೇ ಕಡೆಗೆ ಅದನ್ನು ಹಿಡಿದದ್ದು. “ನಿಲ್ಸಿ. ಹಿಂದಿಂದು. ಅಲ್ಲಿ.” ಎಡಗಡೆ, ಪರದೆಯ ಮೇಲೆ ಹೆಸರುಕಾಳಿನಷ್ಟು ಒಂದು ಬಿಳುಪು. ಪಕ್ಕದ ಎರಡು ಚಿತ್ರಗಳಲ್ಲೂ ಇತ್ತು. ನಡುವಿನದೊಂದು ಕೆಂಪಿಗೆ ಹೋಗಿತ್ತು.

ಗಂಟೆ ಮೂರೂಮುಕ್ಕಾಲು. ಬಸ್ಸಿನಲ್ಲಿ ಅಪ್ಪ ಮಗಳು ಅಕ್ಕಪಕ್ಕ ನಿಂತಿದ್ದರು. ಪೆನ್‌ಡ್ರೈವ್ ಮಗಳ ಮುಷ್ಟಿಯಲ್ಲಿತ್ತು. ಎರಡು ಸಿಗ್ನಲು ದಾಟಿದವು.

“ಅಮ್ಮಂಗೆ ನೀನೇ ಹೇಳ್ಬೇಕು,” ಎಂದಳು ಮಗಳು. “ನಾನು ಹೇಳಲ್ಲ. ಮಾತು ಸುತ್ತಿಬಳಸಿದ್ರೆ ಮಾತ್ರ ನಾನು ಸುಮ್ಮನಿರಲ್ಲ.”

ಆತ ಹೂಂ ಎಂದ. ಚುಕ್ಕೆ ಆಗಲೂ ಇಷ್ಟೇ ಇತ್ತೆಂದಾದರೆ ಹೆಂಡತಿಯ ಕೈ ಉಳಿಯುತ್ತದೆ. ಬೆಳೆದಿದ್ದರೆ ಆರು ವರ್ಷ ಅದನ್ನು ಬೆಳೆಯಲು ಬಿಟ್ಟವನು ತಾನು. ಅಂಗಡಿಯ ಪರದೆಯ ಮೇಲೆ ಅದನ್ನು ಅಳೆಯುವ ದಾರಿ ಯಾರಿಗೂ ಗೊತ್ತಿರಲಿಲ್ಲ. ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತಿತು.

ಅವರು ಆಸ್ಪತ್ರೆ ತಲುಪುವಾಗ ಐದಕ್ಕೆ ಹತ್ತು ನಿಮಿಷ. ಬೋರ್ಡಮ್ಮ ಪಕ್ಕದ ಮನೆಯಾಕೆಯ ಜೊತೆ ಮೊದಲೇ ಬಂದಿದ್ದಳು, ಕೈಗೆ ಆಸ್ಪತ್ರೆಯ ಪಟ್ಟಿ ಕಟ್ಟಿಯಾಗಿತ್ತು. ಪಟ್ಟಿಯ ಮೇಲೆ ಹೆಸರು ಬರೆದವರ ಅಕ್ಷರ ಸರಿಯಿಲ್ಲವೆಂದು ನರ್ಸಿನ ಹತ್ತಿರ ತಕರಾರು ಮಾಡುತ್ತಿದ್ದಳು. ಗಂಡನ ಮುಖ ನೋಡಿ ಮಾತು ನಿಲ್ಲಿಸಿದಳು.

“ಏನಾಯ್ತು?”

“ಡಾಕ್ಟ್ರ ಹತ್ರ ಹೋಗ್ಬೇಕು, ಬಾ. ನಿನ್ನ ಹಳೇ ಸ್ಕ್ಯಾನು ತಂದಿದೀನಿ.” ಒಂದು ಉಸಿರು ಎಳೆದುಕೊಂಡ. “ಅದರಲ್ಲಿ ಚುಕ್ಕೆ ಇತ್ತು. ನನಗೆ ಅವತ್ತೇ ಗೊತ್ತಿತ್ತು. ನಿಂಗೆ ಸುಳ್ಳು ಹೇಳ್ದೆ.”

ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ಸೋಸಲಿಲ್ಲ. ಬೋರ್ಡಮ್ಮನ ಮುಖ ಕಪ್ಪಿಟ್ಟಿತು. ಆರು ವರ್ಷ ಯಾವುದನ್ನು ನೋಡಬಾರದೆಂದು ಆತ ಓಡುತ್ತಿದ್ದನೋ ಅದನ್ನು ಈಗ ಎದುರಿಗೆ ನಿಂತು ನೋಡಿದ. ಆಕೆ ಏನೂ ಕೇಳದೆ ಎದ್ದು ಚಪ್ಪಲಿ ಮೆಟ್ಟಿದಳು.

ಸರ್ಜನ್ನರು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಗೆರೆ ಎಳೆದು ಅಳೆದರು. ಇನ್ನೊಂದು ಚಿತ್ರದಲ್ಲಿ ಮತ್ತೆ ಅಳೆದರು.

“ಹನ್ನೊಂದೂವರೆ,” ಎಂದರು. “ಒಂದು ಚಿತ್ರ ಇಲ್ಲ, ಆದ್ರೂ ಸಾಕು. ಆಗ ಹನ್ನೊಂದೂವರೆ, ಈಗ ಹನ್ನೆರಡು. ಅಳತೆಯಲ್ಲೇ ಅಷ್ಟು ವ್ಯತ್ಯಾಸ ಬರುತ್ತೆ. ಇದು ಬೆಳೆದಿಲ್ಲ. ನಾಳೆ ಆಪರೇಷನ್ ಇಲ್ಲ. ಕೈ ಜಿಗಿಯೋದಕ್ಕೆ ಮಾತ್ರೆ ಸಾಕು.” ಆಮೇಲೆ ಎರಡ್ನಿಮಿಷನ ಕಡೆ ತಿರುಗಿ ದನಿ ಏರಿಸದೆಯೇ ಹೇಳಿದರು: “ಬೆಳೆದಿದ್ದಿದ್ರೆ ನೀವು ಇವರ ಆರು ವರ್ಷ ತಿಂದಿರ್ತಿದ್ರಿ. ಬೆಳೆಯದೇ ಇದ್ದದ್ದು ನಿಮ್ಮ ಪುಣ್ಯ ಅಲ್ಲ, ಗಂಟಿನ ಪುಣ್ಯ.”

ಮಗಳು ಅಮ್ಮನ ಭುಜಕ್ಕೆ ಮುಖ ಒತ್ತಿಕೊಂಡು ಅತ್ತಳು. ಬೋರ್ಡಮ್ಮ ಬಲಗೈಯನ್ನು ಮೇಜಿನ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿದಳು. ಎರಡ್ನಿಮಿಷನಿಗೆ ಜೋರಾಗಿ ಅತ್ತುಬಿಡಬೇಕೆನಿಸಿತು. ಹೆಂಡತಿ ತನ್ನ ಕಡೆ ನೋಡಲಿ ಎಂದು ಕಾದ. ಆಕೆ ನೋಡಿದಳು.

“ಅವತ್ತು ಒಳಗೆ ಕರೆದು ಏನಂದ್ರು ಅವರು? ಅವರು ಹೇಳಿದ ಹಾಗೇ ಹೇಳಿ.”

ಆತ ಹೇಳಿದ. ಒಂದು ಪದವೂ ಮರೆತಿರಲಿಲ್ಲ. ಹೆದರಬೇಡಿ ಆದರೆ ಮರೆಯಬೇಡಿ ಎಂದದ್ದನ್ನೂ ಬಿಡದೆ ಹೇಳಿದ. ಆಕೆ ಪೂರ್ತಿ ಕೇಳಿಸಿಕೊಂಡಳು.

“ನಿನ್ನೆ ನಾನು ಎಡಗೈಲಿ ತಿದ್ತಾ ಇದ್ದೆ,” ಎಂದಳು. “ನೀವು ಬಾಗಿಲಲ್ಲೇ ನಿಂತಿದ್ರಿ.”

ಸರ್ಜನ್ನರು ಮಾತ್ರೆಯ ಚೀಟಿ ಬರೆಯುತ್ತಾ, ಮುಂದೇನು ಮಾಡಬೇಕೆಂದು ಹೇಳಲು ಅಭ್ಯಾಸಬಲದಿಂದ ಗಂಡನ ಕಡೆಗೇ ತಲೆಯೆತ್ತಿದರು. ಬೋರ್ಡಮ್ಮ ತನ್ನ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

“ನನಗೆ ಹೇಳಿ ಡಾಕ್ಟ್ರೇ. ಎಲ್ಲಾನೂ ಹೇಳಿ. ಇವರು ಆಚೆ ಕೂತಿರ್ತಾರೆ.”

ಆತ ಮಗಳ ಕಡೆ ನೋಡಿದ. ಮಗಳು ಅಮ್ಮನ ಪಕ್ಕದಿಂದ ಅಲುಗಲಿಲ್ಲ. ಎದ್ದು ಹೊರಗೆ ಬಂದು ಬಾಗಿಲು ಮುಚ್ಚಿ ಬೆಂಚಿನ ಮೇಲೆ ಕೂತ. ಒಳಗೆ ಹೆಂಡತಿ ಏನನ್ನೋ ಕೇಳಿದಳು, ಸರ್ಜನ್ನರು ಬಹಳ ಹೊತ್ತು ಏನನ್ನೋ ಹೇಳಿದರು. ಮತ್ತೆ ಆಕೆ ಕೇಳಿದಳು. ಒಮ್ಮೆ ಮೂವರೂ ಸುಮ್ಮನಾದರು, ಆ ಮೌನ ಯಾತಕ್ಕೆಂದು ಗೊತ್ತಾಗದೆ ಆತ ಎದ್ದು ನಿಂತ, ಮತ್ತೆ ಕೂತ. ಇಪ್ಪತ್ತೈದು ನಿಮಿಷ ಕಳೆದ ಮೇಲೆ ಬಾಗಿಲು ತೆರೆಯಿತು. ಬೋರ್ಡಮ್ಮ ಕಾಗದಗಳನ್ನು ಮಡಚಿ ತನ್ನದೇ ಚೀಲಕ್ಕೆ ಹಾಕಿಕೊಳ್ಳುತ್ತಾ ಬಂದಳು.

“ಮುಂದಿನ ಸ್ಕ್ಯಾನು ಯಾವತ್ತಂತೆ?” ಎಂದ ಆತ.

“ನನಗೆ ಗೊತ್ತಿದೆ,” ಎಂದಳು ಆಕೆ. “ನಡೀರಿ.”